ಮನಸ್ಸಿನ ಪ್ರಥಮ ಚಿಕಿತ್ಸೆ: ಟ್ರೇನಿಂಗು ಯಾರಿಗೆ ಕೊಡಬೇಕು?

ಹೋದ ಭಾನುವಾರ ನಮ್ಮ ನಾದಿನಿ ಬಂದಿದ್ದಳು. ಅವರೆಕಾಯಿ ಕಾಲ ಅಲ್ವಾ, ನಮ್ಮ ಮನೇಲಿ ಬಂದವರ ಕೈಗೆ ಮೊದಲು ಕಾಫಿ ಲೋಟ, ಆಮೇಲೆ ಅವರೆಕಾಯಿ ಮೊರ. ಇಬ್ಬರೂ ಜಗುಲಿ ಮೇಲೆ ಸುಲಿಯುತ್ತಾ ಕೂತ್ವಿ. ಅವಳು ಬೆಂಗಳೂರಿನ ಒಂದು ಯೂನಿವರ್ಸಿಟಿಲಿ ಪರೀಕ್ಷಾ ವಿಭಾಗದಲ್ಲಿ ಗುಮಾಸ್ತೆ ಅಂತ ನಿಮಗೆಲ್ಲ ಗೊತ್ತು. ಯಾವ ಯೂನಿವರ್ಸಿಟಿ ಅಂತ ಬರೆಯಲ್ಲ, ಅವಳ ಕೆಲಸಕ್ಕೆ ಕುತ್ತು ಬರೋದು ಬೇಡ. "ಅತ್ತಿಗೆ, ನಮಗೆ ಒಂದು ಟ್ರೇನಿಂಗ್ ಕೊಟ್ರು, ಮನಸ್ಸಿಗೆ ಫಸ್ಟ್ ಏಡ್ ಅಂತೆ" ಅಂದಳು. ನನಗೆ ನಗು ಬಂತು. ಫಸ್ಟ್ ಏಡ್ ಅಂದ್ರೆ ಬಸ್ಸಲ್ಲಿ ಡ್ರೈವರ್ ತಲೆ ಮೇಲೆ ಇರೋ ಖಾಲಿ ಡಬ್ಬ ಅಷ್ಟೇ ನನಗೆ ಗೊತ್ತಿದ್ದಿದ್ದು. ಮನಸ್ಸಿಗೆ ಎಲ್ಲಿ ಬ್ಯಾಂಡೇಜ್ ಕಟ್ತಾರೆ?

ಆದ್ರೆ ಅವಳು ಹೇಳ್ತಾ ಹೋದಂಗೆ ಕೈಲಿದ್ದ ಅವರೆಕಾಯಿ ಕೈಯಲ್ಲೇ ಉಳೀತು. ನಮ್ಮ ಅಕ್ಕನ ಮಗನ ಕತೆ ನೆನಪಾಯ್ತು. ಅವನ ಹತ್ರ ಕೇಳಿಯೇ ಬರೀತಾ ಇದೀನಿ, "ಬರಿ ಚಿಕ್ಕವ್ವ, ನನ್ನ ಹೆಸರು ಮಾತ್ರ ಬ್ಯಾಡ" ಅಂದ. ನಮ್ಮ ನೆಂಟರಲ್ಲಿ ಹೆಸರು ಹಾಕದಿದ್ರೂ ಗೊತ್ತಾಗುತ್ತೆ. ಗೊತ್ತಾದೋರು ಅವನು ಸಿಕ್ಕಾಗ ಇದನ್ನ ಎತ್ತಬೇಡಿ, ಅಷ್ಟೇ.

ಏಳು ವರ್ಷ ಆಯ್ತು. ಅವನು ಬೆಂಗಳೂರಲ್ಲಿ ಎಂಎಸ್ಸಿ ಓದ್ತಿದ್ದ, ಹಾಸ್ಟೆಲ್ಲಲ್ಲಿದ್ದ. ಮೊದಮೊದಲು ಶನಿವಾರ ಸಂಜೆ ಬಿಡದಿಗೆ ಬಂದು, ಅಲ್ಲಿಂದ ನಮ್ಮೂರಿನ ಬಸ್ಸು ಹತ್ತಿ, ನಮ್ಮನೇಲಿ ಒಂದು ರಾತ್ರಿ ಉಳಿದು ಊರಿಗೆ ಹೋಗೋನು. ಆಮೇಲೆ ಬರೋದು ನಿಂತೋಯ್ತು. ಪರೀಕ್ಷೆ ಅಂದ, ಪ್ರಾಜೆಕ್ಟ್ ಅಂದ. ನಾವೂ ಹೌದೇನೋ ಅಂದ್ಕೊಂಡ್ವಿ. ಓದೋ ಹುಡುಗ ಮನೆಗೆ ಬರಲಿಲ್ಲ ಅಂದ್ರೆ ಚೆನ್ನಾಗಿ ಓದ್ತಾವ್ನೆ ಅನ್ನೋ ಲೆಕ್ಕ ನಮ್ಮದು.

ಅವನ ತಟ್ಟೆ ನೋಡಿದೋಳು ಹಾಸ್ಟೆಲ್ಲಿನ ಅಡಿಗೆ ಯಮ್ಮ. ಮಾಗಡಿ ಕಡೆಯೋಳು, ಕಂಟ್ರಾಕ್ಟಿನ ಕೆಲಸ. ಮುದ್ದೆ ಬಸ್ಸಾರು ದಿವಸ ಎರಡನೇ ಮುದ್ದೆಗೆ ತಟ್ಟೆ ಚಾಚ್ತಿದ್ದ ಹುಡುಗ ಒಂದು ಮುದ್ದೇನೂ ಅರ್ಧ ಬಿಟ್ಟು ಏಳೋಕೆ ಶುರು ಮಾಡಿದ. "ಯಾಕ್ಲಾ ಮಗ, ಸಾರು ಸಂದಾಗಿಲ್ವಾ?" ಅಂತ ಕೇಳಿದ್ದಾಳೆ. "ಇಲ್ಲಮ್ಮ, ಹೊಟ್ಟೆ ಸರಿ ಇಲ್ಲ" ಅಂದವ್ನೆ. ಹದಿನೈದು ದಿನ ಒಬ್ಬನಿಗೆ ಹೊಟ್ಟೆ ಸರಿ ಇಲ್ಲದೆ ಇರುತ್ತಾ? ಒಂದು ದಿನ ತನ್ನ ಹೊಸ ರಗ್ಗು ತಂದು "ನಿಮ್ಮ ಮಗನಿಗೆ ಕೊಡಿ, ನನಗಿನ್ನು ಬೇಕಾಗಲ್ಲ" ಅಂತ ಕೊಟ್ಟನಂತೆ. ಬೇಕಾಗಲ್ಲ ಅನ್ನೋ ಮಾತು ಆಯಮ್ಮನಿಗೆ ಎದೆಗೆ ಚುಚ್ಚಿತು. ಆಫೀಸಿಗೆ ಹೋಗಿ ಹೇಳಿದಳು. ಅಲ್ಲಿದ್ದೋರು "ಯಾವ್ದೋ ಹುಡುಗಿ ಕೈ ಕೊಟ್ಟಿರ್ತಾಳೆ, ಸರಿ ಹೋಯ್ತಾನೆ. ನೀನು ಒಲೆ ಮುಂದಿನ ಕೆಲಸ ನೋಡ್ಕೊಳಮ್ಮ" ಅಂದ್ರು. ಆಯಮ್ಮ ಸುಮ್ಮನಿರಲಿಲ್ಲ. ಅವನ ರೂಮಿನ ಹುಡುಗನ ಹತ್ರ ನಂಬರ್ ಈಸ್ಕೊಂಡು ನಮ್ಮಕ್ಕನಿಗೆ ಫೋನ್ ಮಾಡಿದಳು: "ಅಕ್ಕಾ, ತಪ್ಪು ತಿಳ್ಕಬ್ಯಾಡಿ, ನಾನು ನಿಮ್ಮ ಹುಡ್ಗನ ಹಾಸ್ಟೆಲ್‌ನಾಗೆ ಅಡ್ಗೆ ಮಾಡೋಳು. ಒಂದ್ಸಲ ಬಂದು ಮಗೀನ ನೋಡ್ಕೊಂಡು ಓಗಿ."

ಅಕ್ಕ ಗಾಬರಿಯಾಗಿ ನನಗೆ ಫೋನ್ ಮಾಡಿದಳು. ನಾನು ಪಿಯುಸಿ ಓದಿದೋಳು, ಬುದ್ಧಿವಂತೆ ಅಂತ ಮನೇಲಿ ಹೆಸರು. ತಕ್ಷಣ ಅವನಿಗೆ ಫೋನ್ ಹಚ್ಚಿದೆ. ಏನಂದೆ ಗೊತ್ತಾ? "ನಿನಗೇನ್ಲಾ ಕಮ್ಮಿಯಾಗೈತೆ? ನಿಮ್ಮಪ್ಪ ಹಿಪ್ಪುನೇರಳೆ ತೋಟದ ಮೇಲೆ ಸಾಲ ಮಾಡಿ ಓದಿಸ್ತಾವ್ನೆ. ಅವ್ವನ ಮುಖ ನೆನಸ್ಕೊ. ಧೈರ್ಯವಾಗಿರು, ಗಂಡುಡುಗ ನೀನು." ಅವನು "ಸರಿ ಚಿಕ್ಕವ್ವ" ಅಂದು ಫೋನ್ ಇಟ್ಟ. ಒಳ್ಳೆ ಮಾತು ಹೇಳ್ದೆ ಅಂತ ನಾನು ಸಮಾಧಾನವಾಗಿ ಹಾಲು ಕರೆಯೋಕೆ ಹೋದೆ.

ವರ್ಷ ಕಳೆದ ಮೇಲೆ ಅವನೇ ಹೇಳಿದ, ನನ್ನ ಫೋನ್ ಇಟ್ಟ ಮೇಲಿನ ಮೂರು ಗಂಟೆ ಅವನ ಬದುಕಿನಲ್ಲೇ ಕೆಟ್ಟ ಹೊತ್ತಂತೆ. "ನಾನು ಎಲ್ಲರಿಗೂ ಭಾರ ಅನ್ನಿಸ್ತಿತ್ತು ಚಿಕ್ಕವ್ವ, ನೀನು ಅದನ್ನೇ ಲೆಕ್ಕ ಹಾಕಿ ಹೇಳ್ದಂಗಾಯ್ತು" ಅಂದ. ಅವತ್ತು ನಮ್ಮ ಭಾವ ಫೋನಲ್ಲಿ ಏನೂ ಮಾತಾಡದೆ, ಯಾರದೋ ಟೆಂಪೋ ಹತ್ತಿ ಸೀದಾ ಹಾಸ್ಟೆಲ್ಲಿಗೆ ಹೋದ್ರು. ಹೋಗೋ ತನಕ ಆಯಮ್ಮ ಅವನನ್ನ ಅಡಿಗೆಮನೆ ಒಳಗೆ ಕೂರಿಸ್ಕೊಂಡು ಬೆಳ್ಳುಳ್ಳಿ ಬಿಡಿಸೋಕೆ ಹಚ್ಚಿದ್ದಳು. ಬುದ್ಧಿ ಹೇಳಲಿಲ್ಲ. ಒಂದೇ ಮಾತು ಕೇಳಿದಳಂತೆ, "ಮಗ, ಸಾಯ್ಬೇಕು ಅನ್ನಿಸ್ತಾ ಐತಾ?" ಅಂತ. ಅವನು ಹೂಂ ಅಂದು ಅತ್ತುಬಿಟ್ಟ. ಆಯಮ್ಮ ಪಕ್ಕದಲ್ಲೇ ಕೂತಿದ್ದಳು, ಭಾವ ಬರೋವರೆಗೂ ಎದ್ದು ಹೋಗಲಿಲ್ಲ.

ಕಬ್ಬಾಳಮ್ಮನಿಗೂ ಹೋಗಿ ಬಂದ್ವಿ, ಅದರಲ್ಲಿ ತಪ್ಪೇನಿಲ್ಲ. ಆದ್ರೆ ಮಾರನೇ ವಾರವೇ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೂ ಹೋದ್ವಿ. ಬೆಳಗಿನ ಜಾವ ಎದ್ದು ಹೋಗಿ ಸಾಲಲ್ಲಿ ನಿಂತ್ವಿ. ಒಂದು ವರ್ಷದ ಮೇಲೆ ಮಾತ್ರೆ ತಗೊಂಡ. ಈಗ ಕೆಲಸದಲ್ಲಿದ್ದಾನೆ. ಬೇಜಾರು ಒಂದೊಂದ್ಸಲ ಈಗಲೂ ಬರುತ್ತೆ, ಬಂದಾಗ ಹೇಳ್ತಾನೆ. ಮೊದಲು ಹೇಳ್ತಿರಲಿಲ್ಲ.

ಇದನ್ನೆಲ್ಲ ನಾದಿನಿಗೆ ಹೇಳಿದಾಗ ಅವಳು ಬೆಚ್ಚಿಬಿದ್ದಳು. "ಅತ್ತಿಗೆ, ಆಯಮ್ಮ ಮಾಡಿದ್ದು ನಮಗೆ ಟ್ರೇನಿಂಗಲ್ಲಿ ಹೇಳಿಕೊಟ್ರಲ್ಲ, ಹೆಚ್ಚು ಕಮ್ಮಿ ಅದೇ" ಅಂದಳು. ಹತ್ರ ಹೋಗಬೇಕು, ನೇರವಾಗಿ ಕೇಳಬೇಕು. ತಪ್ಪು ಸರಿ ಅನ್ನದೆ ಕೇಳಿಸ್ಕೋಬೇಕು. ನಿನ್ನ ಜೊತೆ ನಾನಿದೀನಿ ಅಂತ ತೋರಿಸಬೇಕು. ಡಾಕ್ಟ್ರ ಹತ್ರ ಹೋಗೋಕೆ ಒಪ್ಪಿಸಬೇಕು. ಮನೆಯೋರು, ಸ್ನೇಹಿತರು ಯಾರಾದ್ರೂ ಅವರ ಜೊತೆ ಇರೋ ಹಂಗೆ ನೋಡ್ಕೋಬೇಕು. ಇಷ್ಟೇ. ಔಷಧಿ ಕೊಡೋದಲ್ಲ, ಕಾಯಿಲೆಗೆ ಹೆಸರಿಡೋದೂ ಅಲ್ಲ.

ನಾವು ಹೆದರೋದು ಒಂದಕ್ಕೆ. ಸಾಯಬೇಕು ಅನ್ನಿಸ್ತಾ ಇದೆಯಾ ಅಂತ ಕೇಳಿಬಿಟ್ರೆ, ಇಲ್ಲದ ಯೋಚನೆಯನ್ನ ನಾವೇ ತಲೆಗೆ ತುಂಬಿದಂಗೆ ಆಗುತ್ತಲ್ಲ ಅಂತ. ಹಂಗೇನೂ ಆಗಲ್ಲವಂತೆ. ಕೇಳಿದ್ರೆ ಅವರಿಗೆ ಎದೆ ಮೇಲಿನ ಕಲ್ಲು ಇಳಿದಂಗೆ ಆಗುತ್ತೆ, ಹೇಳ್ಕೊಳ್ಳೋಕೆ ಒಂದು ದಾರಿ ಸಿಗುತ್ತೆ ಅಂತ ಇದನ್ನ ಓದಿದ ಡಾಕ್ಟ್ರುಗಳೇ ಹೇಳ್ತಾರೆ. ಮಾಗಡಿಯ ಆಯಮ್ಮ ಇದನ್ನ ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಓದಿದೋಳು ನಾನು ಏನು ಮಾಡಿದೆ ಅಂತ ಮೇಲೆ ಬರೆದಿದೀನಿ.

ನಮ್ಮ ಚಿಕ್ಕಂದಿನಲ್ಲಿ ಕೈ ಸುಟ್ಟರೆ ಇಂಕು ಸುರೀತಿದ್ರು, ನೆನಪಿದೆಯಾ? ಆಮೇಲೆ ಟೂತ್‌ಪೇಸ್ಟು ಬಂತು. ಪ್ರೀತಿಯಿಂದಲೇ ಸುರೀತಿದ್ರು, ಗಾಯ ಮಾತ್ರ ಕೆಡೋದು. ಈಗ ಗೊತ್ತಾಗಿದೆ, ಹರಿಯೋ ತಣ್ಣೀರಿಗೆ 20 ನಿಮಿಷ ಕೈ ಹಿಡಿದು ಆಸ್ಪತ್ರೆಗೆ ಹೋಗಬೇಕು ಅಂತ. ಅವತ್ತು ಫೋನಲ್ಲಿ ನಾನು ಸುರಿದಿದ್ದು ಇಂಕು. ಆಯಮ್ಮ ಹಿಡಿದಿದ್ದು ತಣ್ಣೀರು.

ಈ ಮನಸ್ಸಿನ ಪ್ರಥಮ ಚಿಕಿತ್ಸೆ ಅನ್ನೋದು ಶುರುವಾಗಿದ್ದು ಆಸ್ಟ್ರೇಲಿಯಾದಲ್ಲಿ, 2000ನೇ ಇಸವಿಯಲ್ಲಿ. ಬೆಟ್ಟಿ ಕಿಚನರ್ ಅಂತ ನರ್ಸು, ಆಯಮ್ಮನ ಯಜಮಾನರು ಟೋನಿ ಜಾರ್ಮ್ ಅಂತ ಪ್ರೊಫೆಸರು. ಗಂಡ ಹೆಂಡತಿ ನಾಯಿ ಕರ್ಕೊಂಡು ವಾಕಿಂಗ್ ಹೋಗ್ತಾ, ಏಟು ಬಿದ್ದವರಿಗೆ ಪ್ರಥಮ ಚಿಕಿತ್ಸೆ ಕಲಿಸ್ತಾರಲ್ಲ, ಮನಸ್ಸು ಮುರಿದವರಿಗೆ ಯಾಕೆ ಕಲಿಸಬಾರದು ಅಂತ ಮಾತಾಡಿಕೊಂಡರಂತೆ. ಬೆಟ್ಟಿಗೆ ಖಿನ್ನತೆ ಏನು ಅಂತ ಸ್ವಂತ ಅನುಭವದಿಂದಲೇ ಗೊತ್ತಿತ್ತು. ಈಗ ಎಷ್ಟೋ ದೇಶದಲ್ಲಿ ಇದನ್ನ ಕಲಿಸ್ತಾರೆ. ಯೂನಿವರ್ಸಿಟಿಗಳಲ್ಲೂ ನೌಕರರಿಗೆ ಕೊಡ್ತಾರೆ.

ನಮ್ಮಲ್ಲಿ ಇದು ಜೋರಾಗಿದ್ದು ಸುಪ್ರೀಂ ಕೋರ್ಟಿನ ಒಂದು ತೀರ್ಪಿನಿಂದ. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದ್ತಿದ್ದ 17 ವರ್ಷದ ಹೆಣ್ಣುಮಗಳು ತೀರಿಕೊಂಡ ಕೇಸು, ಅಪ್ಪ ಕೋರ್ಟಿನ ಮೆಟ್ಟಿಲು ಹತ್ತಿದ್ದರು. 2025ರ ಜುಲೈ 25ಕ್ಕೆ ನ್ಯಾಯಮೂರ್ತಿ ವಿಕ್ರಮ್ ನಾಥ್, ಸಂದೀಪ್ ಮೆಹ್ತಾ ಇಬ್ಬರೂ ಸೇರಿ 15 ಸೂಚನೆ ಕೊಟ್ರು. ಸರ್ಕಾರ ಕಾನೂನು ಮಾಡೋವರೆಗೂ ಇವೇ ನಿಯಮ. ನೂರು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರೋ ಕಡೆ ಒಬ್ಬ ಆಪ್ತಸಲಹೆಗಾರರು ಇರಬೇಕು. ಸಹಾಯವಾಣಿ ನಂಬರು ಹಾಸ್ಟೆಲ್ಲು, ಕ್ಲಾಸು ಎಲ್ಲಾ ಕಡೆ ಕಾಣೋ ಹಾಗೆ ಹಾಕಬೇಕು. ಮತ್ತೆ ಪಾಠ ಮಾಡೋ ನೌಕರರು, ಪಾಠ ಮಾಡದ ನೌಕರರು ಇಬ್ಬರಿಗೂ ವರ್ಷಕ್ಕೆ ಎರಡು ಸಲವಾದ್ರೂ ತಿಳಿದೋರಿಂದ ಈ ತರಬೇತಿ ಕೊಡಿಸಲೇಬೇಕು. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡ್ರು ಅಂತ ಸರ್ಕಾರದ್ದೇ ಲೆಕ್ಕ. ನಮ್ಮೂರಿನಂಥ ಊರು ಎಷ್ಟು ಖಾಲಿಯಾದವು ಅಂತ ಅಂದಾಜು ಹಾಕಿ.

ಸರಿ, ಟ್ರೇನಿಂಗು ಹೆಂಗಾಯ್ತು ಅಂತ ನಾದಿನಿಯನ್ನ ಕೇಳಿದೆ. ನನ್ನ ಸಿಟ್ಟು ಶುರುವಾಗಿದ್ದೇ ಅಲ್ಲಿ. ದೊಡ್ಡ ಹಾಲು, ಬ್ಯಾನರು, ದೀಪ ಹಚ್ಚಿದ್ದು, ಶಾಲು. ಮುಂದಿನ ಸಾಲಲ್ಲಿ ಪ್ರೊಫೆಸರುಗಳು, ಹಿಂದೆ ಗುಮಾಸ್ತರು. ಎರಡೂವರೆ ಗಂಟೆ, ಹೆಚ್ಚಿನ ಪಾಲು ಇಂಗ್ಲಿಷಲ್ಲೇ. ಪರದೆ ಮೇಲೆ ಬರೆದಿದ್ದನ್ನ ಓದಿ ಹೇಳಿದ್ರು. ಕೊನೆಯ ಅರ್ಧ ಗಂಟೆ ಒಬ್ಬ ಡಾಕ್ಟರಮ್ಮ ಕನ್ನಡದಲ್ಲಿ ಮಾತಾಡಿದರಂತೆ, ಇಬ್ಬಿಬ್ಬರನ್ನ ಎದುರುಬದುರು ಕೂರಿಸಿ "ನೀವು ಫೇಲಾದ ಹುಡುಗ, ನೀವು ಕಿಟಕಿ ಹತ್ರದ ಗುಮಾಸ್ತೆ" ಅಂತ ಆಡಿಸಿದರಂತೆ. ಉಪಯೋಗಕ್ಕೆ ಬಂದಿದ್ದು ಆ ಅರ್ಧ ಗಂಟೆ ಅಷ್ಟೇ ಅಂದಳು.

"ಅಡಿಗೆಯೋರು, ಕಸ ಗುಡಿಸೋರು, ವಾಚ್‌ಮನ್ ಎಲ್ಲಿ ಕೂತಿದ್ರು?" ಅಂದೆ. ಅವಳು ನನ್ನ ಮುಖ ನೋಡಿದಳು. "ಅವರು ಕಂಟ್ರಾಕ್ಟಿನೋರು ಅತ್ತಿಗೆ, ನೌಕರರ ಲಿಸ್ಟಲ್ಲಿ ಬರಲ್ಲ. ಟೀ ಬೋಂಡ ಕೊಡೋಕೆ ಬಂದಿದ್ರು."

ನೋಡಿ, ಇದು ನನಗೆ ಅರ್ಥ ಆಗದ ಮಾತು. ಹಾಸ್ಟೆಲ್ಲಲ್ಲಿ ಯಾವ ಹುಡುಗಿ ಮೂರು ದಿನದಿಂದ ಬಾಗಿಲು ತೆಗೆದಿಲ್ಲ ಅಂತ ಮೊದಲು ಗೊತ್ತಾಗೋದು ಕಾರಿಡಾರು ಗುಡಿಸೋಳಿಗೆ. ಯಾವ ಹುಡುಗ ರಾತ್ರಿ ಎರಡು ಗಂಟೆಗೆ ಒಬ್ಬನೇ ಅಲೀತಾನೆ ಅಂತ ಗೊತ್ತಾಗೋದು ವಾಚ್‌ಮನ್‌ಗೆ. ಪ್ರೊಫೆಸರು ನೋಡೋದು ಹಾಜರಿ ಪುಸ್ತಕ, ಅದೂ ವಾರಕ್ಕೆ ನಾಲ್ಕು ಗಂಟೆ. ಪಾಠ ಮಾಡದ ನೌಕರರು ಅಂತ ಕೋರ್ಟು ಹೇಳಿದಾಗ ಆ ಮಾತಿನ ಒಳಗೆ ಇವರೆಲ್ಲ ಬರಬೇಕು. ಸಂಬಳ ಕಂಟ್ರಾಕ್ಟರು ಕೊಡ್ತಾನೋ ಸರ್ಕಾರ ಕೊಡುತ್ತೋ, ಮಕ್ಕಳ ಮುಂದೆ ಓಡಾಡೋರು ಯಾರು ಅನ್ನೋದು ಮುಖ್ಯ. ಟ್ರೇನಿಂಗ್ ದಿವಸ ಅವರ ಕೂಲಿ ಮುರಿಯಬಾರದು, ಕನ್ನಡದಲ್ಲೇ ಆಗಬೇಕು. ಮತ್ತೆ ಅವರು ಬಂದು ಹೇಳಿದ್ರೆ "ನಿನ್ನ ಕೆಲಸ ನೋಡ್ಕೊ" ಅನ್ನಬಾರದು. ಈ ಕೊನೇ ಮಾತಿಗೆ ಟ್ರೇನಿಂಗ್ ಬೇಕಾಗಿರೋದು ಆಫೀಸಿನೋರಿಗೆ, ಅಡಿಗೆಯೋರಿಗಲ್ಲ.

ನಮ್ಮ ಯಜಮಾನರು ಪೇಪರು ಓದ್ತಾ ಕೂತಿದ್ದೋರು ಅಲ್ಲಿಂದಲೇ ಅಂದ್ರು, "ಎಲ್ಲರಿಗೂ ಎರಡೆರಡು ಗಂಟೆ ಟ್ರೇನಿಂಗ್ ಕೊಟ್ರೆ ಎಲ್ಲರೂ ಅರೆಬರೆ ಡಾಕ್ಟ್ರಾಯ್ತಾರೆ. ಇಂಥ ಹುಡುಗನಿಗೆ ಹಿಂಗಂತೆ ಅಂತ ಹಾಸ್ಟೆಲ್ಲೆಲ್ಲ ಡಂಗುರ ಹೊಡೆದ್ರೆ?" ಅಂತ. ಆ ಮಾತನ್ನ ನಾನು ತಳ್ಳಿಹಾಕಲ್ಲ. ನಮ್ಮ ಹೆಂಗಸರ ಬಾಯಿ ನಮಗೇ ಗೊತ್ತು. ಹೊಳೆ ದಂಡೆಗೆ ಹೋದ ಮಾತು ಸಂತೆಗೆ ಮುಟ್ಟೋಕೆ ಎಷ್ಟು ಹೊತ್ತು? ಅದಕ್ಕೇ ಕಲಿಸೋದ್ರಲ್ಲಿ ಬಾಯಿ ಬಿಗಿ ಹಿಡಿಯೋದನ್ನೂ ಕಲಿಸಬೇಕು. ಪ್ರಾಣಕ್ಕೆ ಅಪಾಯ ಅನ್ನಿಸಿದ್ರೆ ಮಾತ್ರ, ಅದೂ ಯಾರಿಗೆ ಹೇಳಬೇಕೋ ಅವರೊಬ್ಬರಿಗೆ ಹೇಳಬೇಕು. ಅರೆಬರೆ ಡಾಕ್ಟ್ರಾಗ್ತಾರೆ ಅನ್ನೋದನ್ನ ಮಾತ್ರ ಒಪ್ಪಲ್ಲ. ನಮ್ಮ ರಾಜ್ಯದಲ್ಲೇ ಇದು ಮೊದಲಲ್ಲ. ಬನ್ನೇರುಘಟ್ಟದ ಹತ್ತಿರದ ಸಕಲವಾರದಲ್ಲಿ ನಿಮ್ಹಾನ್ಸ್‌ನೋರು 1970ರ ದಶಕದಲ್ಲೇ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆ ಗುರುತಿಸೋದನ್ನ ಕಲಿಸಿದ್ರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆ ಪೂರ್ತಿ ಮಾಡಿ ನೋಡಿದ್ರು, ಅದನ್ನೇ ನೋಡಿ 1996ರಲ್ಲಿ ಕೇಂದ್ರ ಸರ್ಕಾರ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಶುರು ಮಾಡಿತು. ನಮ್ಮ ಡಾ. ಸಿ. ಆರ್. ಚಂದ್ರಶೇಖರ್ ಇದ್ದಾರಲ್ಲ, ಆ 'ಸಿ' ಅಂದ್ರೆ ನಮ್ಮ ಚನ್ನಪಟ್ಟಣವೇ. 2024ರಲ್ಲಿ ಪದ್ಮಶ್ರೀ ಬಂತು. ನಿಮ್ಹಾನ್ಸ್‌ನಲ್ಲಿ ಪ್ರೊಫೆಸರಾಗಿದ್ದೋರು ಕನ್ನಡದಲ್ಲಿ ರಾಶಿ ಪುಸ್ತಕ ಬರೆದ್ರು, ಡಾಕ್ಟ್ರಲ್ಲದ ಜನಕ್ಕೆ ಆಪ್ತಸಲಹೆ ಮಾಡೋದನ್ನ ಕಲಿಸಿದ್ರು. ಕಲಿಸಿದ್ರೆ ಜನ ಕಲೀತಾರೆ.

ಯಜಮಾನರು ಪೇಪರು ಮಡಿಸಿ ಎದ್ದು ಹೋದ್ರು. ಒಪ್ಪಿದ್ರು ಅಂತಲೇ ಲೆಕ್ಕ.

ಇನ್ನೊಂದು ಮಾತು ನಾದಿನಿ ಹೇಳಿದ್ದು, ಅದನ್ನ ಬರೀದೆ ಇರೋಕಾಗಲ್ಲ. ಅವಳ ಕಿಟಕಿ ಮುಂದೆ ದಿನಾ ಮಕ್ಕಳು ನಿಲ್ತಾರೆ. ಫಲಿತಾಂಶ ತಡೆ ಹಿಡಿದಿದೆ, ಅಂಕಪಟ್ಟಿಲಿ ಹೆಸರು ತಪ್ಪು, ದುಡ್ಡು ಕಟ್ಟಿದ್ರೂ ಕಟ್ಟಿಲ್ಲ ಅಂತ ತೋರಿಸುತ್ತೆ. "ಹದಿನಾರು ವರ್ಷದಲ್ಲಿ ನಾಳೆ ಬಾ ಅಂತ ಎಷ್ಟು ಸಲ ಅಂದಿದೀನೋ ಅತ್ತಿಗೆ. ಮುಖ ನೋಡದೇನೇ ಅಂದಿದೀನಿ" ಅಂದಳು. ಟ್ರೇನಿಂಗ್ ಆದ ಮೇಲೆ ಒಂದು ಹುಡುಗಿ ಬಂದು ಕಿಟಕಿ ಹತ್ರ ಸುಮ್ಮನೆ ನಿಂತಿತ್ತಂತೆ. ಇವಳು ಎದ್ದು ಹೊರಗೆ ಬಂದು "ಊಟ ಆಯ್ತಾ ಮಗಳೇ?" ಅಂದಳು. ಅರ್ಧ ಗಂಟೆ ಮೆಟ್ಟಿಲ ಮೇಲೆ ಕೂತ್ಕೊಂಡ್ರು. ಅಂಕಪಟ್ಟಿ ಅವತ್ತೂ ಸಿಗಲಿಲ್ಲ. ಆದ್ರೆ ಆ ಹುಡುಗಿನ ಇವಳೇ ಕ್ಯಾಂಪಸ್ಸಿನ ಆಪ್ತಸಲಹೆಗಾರರ ಬಾಗಿಲವರೆಗೂ ಬಿಟ್ಟು ಬಂದಳು. ಬಂದಾಗ ಮೇಲಿನೋರು ಸೀಟಲ್ಲಿ ಇರಲಿಲ್ಲ ಅಂತ ಕಾರಣ ಕೇಳಿದ್ರು! ಇತ್ಲಾಗೆ ಟ್ರೇನಿಂಗೂ ಕೊಡೋದು, ಅತ್ಲಾಗೆ ಕಾರಣಾನೂ ಕೇಳೋದು.

ಇವರ ಮನಸ್ಸನ್ನ ನೋಡೋರು ಯಾರು ಅನ್ನೋದೂ ಇದೆ. ತಿಂಗಳುಗಟ್ಟಲೆ ಸಂಬಳ ಬರದ ಅತಿಥಿ ಉಪನ್ಯಾಸಕರು, ವರ್ಷ ವರ್ಷ ಕಂಟ್ರಾಕ್ಟು ಮುಂದುವರಿಯುತ್ತೋ ಇಲ್ಲವೋ ಅಂತ ಎಣಿಸೋ ಗುಮಾಸ್ತರು, ಇವರಿಗೆ ಮಕ್ಕಳ ದುಃಖ ಕೇಳಿಸ್ಕೊ ಅಂದ್ರೆ ಯಾವ ಜಾಗದಲ್ಲಿ ಇಟ್ಕೋತಾರೆ? ಒಣಗಿದ ಬಾವಿಗೆ ಬಿಂದಿಗೆ ಬಿಟ್ಟಂಗೆ. ನಾದಿನಿಗೇ ರಾತ್ರಿ ನಿದ್ದೆ ಬರಲ್ಲ, ಅವಳದು ಬೇರೆ ಕತೆ.

ಮಾಗಡಿ ಆಯಮ್ಮನಿಗೆ ಮೊನ್ನೆ ಫೋನ್ ಮಾಡಿದ್ದೆ. ನಮ್ಮಕ್ಕ ಪ್ರತಿ ವರ್ಷ ಅವರೆಕಾಯಿ ಕಳಿಸ್ತಾಳೆ, ಆ ನೆಪಕ್ಕೆ ಮಾತು. ಕಂಟ್ರಾಕ್ಟರು ಬದಲಾದಾಗ ಆ ಹಾಸ್ಟೆಲ್ಲಿನ ಕೆಲಸ ಹೋಯ್ತು, ಈಗ ಕೆಂಗೇರಿ ಹತ್ರ ಒಂದು ಪಿಜಿಲಿ ಅಡಿಗೆ ಮಾಡ್ತಾಳೆ. ನಿನಗೆ ಯಾರಾದ್ರೂ ಈ ಥರ ಟ್ರೇನಿಂಗ್ ಕೊಟ್ಟಿದ್ರಾ ಅಂತ ಕೇಳಿದೆ. "ಎಲ್ಲಿ ಟ್ರೇನಿಂಗು ಬಿಡಕ್ಕ, ನನ್ನ ತಮ್ಮ ಹಿಂಗೇ ಊಟ ಬಿಟ್ಟಿದ್ದ. ಅವತ್ತು ನಂಗೆ ಗೊತ್ತಾಗ್ಲಿಲ್ಲ" ಅಂದಳು. ಆಮೇಲೆ ಇಬ್ಬರೂ ಸುಮಾರು ಹೊತ್ತು ಮಾತಾಡಲಿಲ್ಲ.

ಯೂನಿವರ್ಸಿಟಿ ಮಾತು ನಮಗ್ಯಾಕೆ ಅಂತ ನಿಮ್ಮಲ್ಲಿ ಕೆಲವರು ಕೇಳಬಹುದು. ನಮ್ಮ ಮಕ್ಕಳೇ ಅಲ್ಲಿರೋದು, ಅದಕ್ಕೆ. ಮತ್ತೆ ನಮ್ಮೂರಲ್ಲಿ ಮಾತ್ರ ಏನು ಕಮ್ಮಿ? ಕೆರೆ ನೀರು ನೊರೆ ಎದ್ದು ಎಷ್ಟು ವರ್ಷ ಆಯ್ತು. ಈಗ ಟೌನ್‌ಶಿಪ್ಪಿಗೆ ಜಮೀನು ಹೋಗುತ್ತೆ ಅನ್ನೋ ಚಿಂತೇಲಿ ಅರಳಿಕಟ್ಟೆ ಮೇಲೆ ಕೂತ ಗಂಡಸರ ಮುಖ ನೋಡೋಕಾಗಲ್ಲ. ಹೆಂಗಸರಾದ್ರೂ ಬೈದು ಅತ್ತು ಹಗುರ ಆಯ್ತೀವಿ. ನಿಮ್ಹಾನ್ಸ್‌ನೋರು 2015-16ರಲ್ಲಿ 12 ರಾಜ್ಯದಲ್ಲಿ ಸಮೀಕ್ಷೆ ಮಾಡಿದಾಗ, ಖಿನ್ನತೆ ಇರೋ ನೂರು ಜನರಲ್ಲಿ ಸುಮಾರು 85 ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಪೊಲೀಸ್ ಕೇಸಾಗುತ್ತೆ ಅಂತ ಮುಚ್ಚಿಡೋರೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾನೂನು ಬಂದ ಮೇಲೆ, ಪ್ರಾಣ ಕಳ್ಕೊಳ್ಳೋಕೆ ಹೋದವರನ್ನ ತೀವ್ರ ಸಂಕಟದಲ್ಲಿದ್ದೋರು ಅಂತಲೇ ನೋಡಬೇಕು, ಶಿಕ್ಷೆ ಮಾಡೋ ಹಂಗಿಲ್ಲ. ಮುಚ್ಚಿಡಬೇಡಿ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಕಾರ್ಯಕ್ರಮ ಇದೆ, ಮಂಗಳವಾರ ಮನಸ್ಸಿನ ಡಾಕ್ಟ್ರು ನೋಡ್ತಾರೆ. ಸರ್ಕಾರಕ್ಕೆ ಬೇರೆ ವಾರ ಸಿಗಲಿಲ್ಲವೋ ಏನೋ, ನಮ್ಮ ಕಡೆ ಮಂಗಳವಾರ ಹೊಸ ಕೆಲಸಕ್ಕೆ ಹೊಸಿಲು ದಾಟಲ್ಲ. ಈ ಒಂದಕ್ಕೆ ದಾಟಿ. ಅಷ್ಟು ದೂರ ಹೋಗೋಕಾಗದೆ ಇದ್ರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್ 10ಕ್ಕೆ ಶುರುವಾಗಿದ್ದು. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದ್ರೂ, ಕನ್ನಡದಲ್ಲೇ ಮಾತಾಡ್ತಾರೆ. ನಾನು ಅಡಿಗೆಮನೆ ಕ್ಯಾಲೆಂಡರಿನ ಮೇಲೆ, ಗ್ಯಾಸ್ ಬುಕ್ ಮಾಡೋ ನಂಬರಿನ ಪಕ್ಕ ಬರೆದು ಹಾಕಿದೀನಿ.

ನಾದಿನಿ ಬರೋ ಎರಡನೇ ಶನಿವಾರ ಮತ್ತೆ ಬರ್ತಾಳೆ. ಆ ಡಾಕ್ಟರಮ್ಮ ಹೇಳಿಕೊಟ್ಟಿದ್ದನ್ನ ನಮಗೂ ಹೇಳಿಕೊಡು ಅಂತ ಕೇಳಿದೀನಿ, ಹೂಂ ಅಂದವ್ಳೆ. ಡೈರಿಗೆ ಹಾಲು ಹಾಕಿದ ಮೇಲೆ ನಮ್ಮ ಜಗುಲಿಗೆ ಬನ್ನಿ. ಆಶಾ ಕೆಲಸ ಮಾಡೋ ನಮ್ಮ ಓರಗಿತ್ತಿಗೂ ಹೇಳಿದೀನಿ. ಅವರೆಕಾಯಿ ಇನ್ನೂ ಎರಡು ಮೂಟೆ ಇದೆ, ಸುಲಿಯೋಕೂ ಆಯ್ತು.